ಟೈಟ್ ಎಂಡ್‌ನ ಕೈಗೆ ಚೆಂಡು ಏಕೆ ಅಷ್ಟು ಅಪರೂಪ?

ಪ್ರಶ್ನೆ: ನಾವು ಮೂಲತಃ ಹಾಸನ ಕಡೆಯವರು, ಬಹಳ ವರ್ಷಗಳಿಂದ ಅಮೆರಿಕದ ಅಯೋವಾ ರಾಜ್ಯದಲ್ಲಿದ್ದೇವೆ. ಹೈಸ್ಕೂಲಿನ ಹನ್ನೊಂದನೆಯ ತರಗತಿಯಲ್ಲಿರುವ ಮಗ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಟೈಟ್ ಎಂಡ್, ಅಂದರೆ ಮುಂಚೂಣಿಯ ಸಾಲಿನ ತುದಿಯಲ್ಲಿ ನಿಂತು ಎದುರಾಳಿಯನ್ನು ತಡೆಯುವ (ಬ್ಲಾಕಿಂಗ್), ಎಸೆದ ಚೆಂಡನ್ನೂ (ಪಾಸ್) ಹಿಡಿಯುವ ಆಟಗಾರ. 6 ಅಡಿ 3 ಅಂಗುಲ ಎತ್ತರ, 205 ಪೌಂಡ್ ತೂಕ, ಕೈಗಳು ಚೆನ್ನಾಗಿವೆ ಎಂದು ಎಲ್ಲರೂ ಹೇಳುತ್ತಾರೆ. ಕಾಲೇಜಿನಲ್ಲಿಯೂ ಆಡಬೇಕೆಂಬ ಆಸೆ ಅವನದು. ಆದರೆ ಶನಿವಾರಗಳಂದು ನಾವಿಬ್ಬರೂ ನೋಡುವ ಕಾಲೇಜು ಪಂದ್ಯಗಳಲ್ಲಿ ಟೈಟ್ ಎಂಡ್‌ಗೆ ಎರಡೋ ಮೂರೋ ಪಾಸ್ ಬಂದರೆ ಹೆಚ್ಚು, ಉಳಿದ ಹೊತ್ತೆಲ್ಲ ಎದುರಾಳಿಯನ್ನು ತಳ್ಳುವುದೇ ಕೆಲಸ. ಮಗನ ಕೋಚ್ ಕೂಡ ‘ಮೊದಲು ಬ್ಲಾಕಿಂಗ್ ಕಲಿ’ ಎನ್ನುತ್ತಾರೆ. ನಮ್ಮ ಸ್ನೇಹಿತರೊಬ್ಬರು, ಅವನು ಈಗಲೇ ವೈಡ್ ರಿಸೀವರ್ (ಹೊರಗಡೆ ನಿಂತು, ಓಡಿ ಪಾಸ್ ಹಿಡಿಯುವವನು) ಜಾಗಕ್ಕೆ ಹೋಗದಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಎಚ್ಚರಿಸುತ್ತಾರೆ. ಕ್ರಿಕೆಟ್ ನೋಡಿ ಬೆಳೆದ ನನಗೆ ಈ ಆಟದ ಒಳಸುಳಿ ಅಷ್ಟಾಗಿ ತಿಳಿಯದು. ಅವನು ಜಾಗ ಬದಲಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತಿವೆ. ಕಾಲೇಜು ತಂಡಗಳು ಟೈಟ್ ಎಂಡ್‌ನನ್ನು ಪಾಸ್ ಆಟದಲ್ಲಿ ಕಡೆಗಣಿಸುತ್ತವೆಯೇ ಎಂಬುದು ಒಂದು. ಬ್ಲಾಕಿಂಗ್‌ಗೆ ಒಗ್ಗಿಹೋದವನಿಗೆ ಮುಂದೆ ಚೆಂಡು ಹಿಡಿಯುವ ಬಾಗಿಲು ಮುಚ್ಚಿಹೋಗುತ್ತದೆಯೇ ಎಂಬುದು ಇನ್ನೊಂದು. ಕಾಲೇಜು ತಂಡವೊಂದರಲ್ಲಿ ಪಂದ್ಯಗಳ ವಿಡಿಯೊ ವಿಶ್ಲೇಷಿಸುವ ಕೆಲಸ ಮಾಡಿದವನಾಗಿ ನಾನು ಕಂಡದ್ದು ಹೀಗೆ: ಟೈಟ್ ಎಂಡ್‌ಗೆ ಬರುವ ಒಳ್ಳೆಯ ಪಾಸ್‌ಗಳಲ್ಲಿ ಹೆಚ್ಚಿನವು ಅವನು ಬ್ಲಾಕ್ ಮಾಡುತ್ತಾನೆ ಎಂದು ಎದುರಾಳಿ ನಂಬುವುದರಿಂದಲೇ ಹುಟ್ಟುತ್ತವೆ. ಆ ನಂಬಿಕೆ ಇಲ್ಲದ ಕಡೆ ಅವನು ಸ್ವಲ್ಪ ನಿಧಾನವಾದ ಒಬ್ಬ ರಿಸೀವರ್, ಅಷ್ಟೇ.

ಮೊದಲು ಸಂಖ್ಯೆಯ ಮಾತು. ಎಷ್ಟು ಪಾಸ್ ಹಿಡಿದ ಎಂಬುದೇ ಟೈಟ್ ಎಂಡ್‌ನ ಅಳತೆ ಎಂದು ಬಹಳ ಜನ ತಿಳಿದಿದ್ದಾರೆ. ನಿಮ್ಮ ರಾಜ್ಯದ ಅಯೋವಾ ವಿಶ್ವವಿದ್ಯಾಲಯದಲ್ಲಿ ಆಡಿದ ಜಾರ್ಜ್ ಕಿಟಲ್ ತನ್ನ ಇಡೀ ಕಾಲೇಜು ಜೀವನದಲ್ಲಿ ಹಿಡಿದದ್ದು 48 ಪಾಸ್ ಮಾತ್ರ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2017ರಲ್ಲಿ, ಅವನನ್ನು ಆರಿಸಿಕೊಂಡದ್ದು ಐದನೆಯ ಸುತ್ತಿನಲ್ಲಿ. ಮರುವರ್ಷ, 2018ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕಾಗಿ ಅವನು 1,377 ಗಜ ಗಳಿಸಿದಾಗ ಅದು ಒಂದು ಋತುವಿನಲ್ಲಿ ಟೈಟ್ ಎಂಡ್ ಒಬ್ಬ ಗಳಿಸಿದ ಎನ್‌ಎಫ್‌ಎಲ್ ದಾಖಲೆಯಾಗಿತ್ತು. ಕಿಟಲ್ ಒಂದು ಅಪವಾದ ಎನ್ನಬಹುದು, ಒಪ್ಪುತ್ತೇನೆ. ಆದರೆ ಅದೇ ಅಯೋವಾದಲ್ಲಿ 2018ರಲ್ಲಿ ಒಟ್ಟಿಗೆ ಆಡಿದ ಇಬ್ಬರನ್ನು ನೋಡಿ. ನೋವಾ ಫ್ಯಾಂಟ್ ಓಟದಲ್ಲಿಯೂ ಜಿಗಿತದಲ್ಲಿಯೂ ಮುಂದಿದ್ದ, ಹೆಚ್ಚಾಗಿ ರಿಸೀವರ್‌ನಂತೆ ಬಳಕೆಯಾಗುತ್ತಿದ್ದ. 39 ಪಾಸ್ ಹಿಡಿದು ಏಳು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗಡಿಗೆರೆ ದಾಟಿಸುವುದು) ಗಳಿಸಿದ. ಟಿ. ಜೆ. ಹಾಕೆನ್ಸನ್ ಬ್ಲಾಕ್ ಮಾಡುವ ಲೈನ್‌ನ ಕೊನೆಯವನಾದ ಟ್ಯಾಕಲ್‌ನ ಪಕ್ಕದಲ್ಲಿ ನಿಂತು ಬ್ಲಾಕಿಂಗ್‌ನ ಹೊರೆಯನ್ನೂ ಹೊರುತ್ತಿದ್ದ. ಅವನು ಹಿಡಿದ ಪಾಸ್‌ಗಳು 49, ಗಳಿಸಿದ ಗಜಗಳು 760. ದೇಶದ ಅತ್ಯುತ್ತಮ ಕಾಲೇಜು ಟೈಟ್ ಎಂಡ್‌ಗೆ ಕೊಡುವ ಜಾನ್ ಮ್ಯಾಕಿ ಪ್ರಶಸ್ತಿ ಹಾಕೆನ್ಸನ್‌ಗೆ ಸಂದಿತು. 2019ರ ಡ್ರಾಫ್ಟ್‌ನಲ್ಲಿ ಅವನು ಎಂಟನೆಯವನಾಗಿ, ಫ್ಯಾಂಟ್ ಇಪ್ಪತ್ತನೆಯವನಾಗಿ ಆಯ್ಕೆಯಾದರು. ಮಣ್ಣು ಮೆತ್ತಿಕೊಳ್ಳುವ ಕೆಲಸವನ್ನೂ ಮಾಡಿದವನಿಗೇ ಹೆಚ್ಚು ಪಾಸ್ ಬಂದವು ಎಂಬುದನ್ನು ನಿಮ್ಮ ಸ್ನೇಹಿತರಿಗೆ ತಿಳಿಸಬಹುದು.

ಕಾಲೇಜು ಆಟದಲ್ಲಿ ಟೈಟ್ ಎಂಡ್‌ಗೆ ಚೆಂಡೇ ಬರುವುದಿಲ್ಲ ಎಂಬುದೂ ನಿಜವಲ್ಲ. 2024ರಲ್ಲಿ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದ ಹೆರಾಲ್ಡ್ ಫ್ಯಾನಿನ್ 117 ಪಾಸ್ ಹಿಡಿದು 1,555 ಗಜ ಗಳಿಸಿದ. ಪೆನ್ ಸ್ಟೇಟ್‌ನ ಟೈಲರ್ ವಾರನ್ 104 ಪಾಸ್ ಹಿಡಿದ. ಜಾಗದ ಹೆಸರು ಒಂದೇ, ಬಳಕೆಯಲ್ಲಿ ಮಾತ್ರ ಅಜಗಜಾಂತರ. ಅದಕ್ಕೆ ಕಾರಣವನ್ನು ಆಟಗಾರನ ಕೈಗಳಿಗಿಂತ ಹೆಚ್ಚಾಗಿ ಆಕ್ರಮಣದ ರಚನೆಯಲ್ಲಿ ಹುಡುಕಬೇಕು.

ಆ ರಚನೆ ನಿಯಮದಿಂದಲೇ ಶುರುವಾಗುತ್ತದೆ. ಚೆಂಡು ಚಲಿಸುವ ಮೊದಲು ಮುಂಚೂಣಿಯ ಸಾಲಿನಲ್ಲಿ ನಿಂತವರ ಪೈಕಿ ಎರಡೂ ತುದಿಗಳಲ್ಲಿರುವವರಿಗೆ ಮಾತ್ರ ಪಾಸ್ ಹಿಡಿಯುವ ಹಕ್ಕಿದೆ, ಅದೂ ಅವರ ಅಂಗಿಯ ಸಂಖ್ಯೆ 50ರಿಂದ 79ರ ಒಳಗಿರಕೂಡದು. ಟೈಟ್ ಎಂಡ್ ಟ್ಯಾಕಲ್‌ಗೆ ಅಂಟಿಕೊಂಡಂತೆ ನಿಂತರೂ ಸಾಲಿನ ತುದಿಯವನಾದ್ದರಿಂದ ಹಕ್ಕುಳ್ಳವನು. ಅವನ ಹೊರಗಡೆ ಇನ್ನೊಬ್ಬ ರಿಸೀವರ್ ಅದೇ ಸಾಲಿಗೆ ಬಂದು ನಿಂತನೆಂದರೆ ಟೈಟ್ ಎಂಡ್ ‘ಮುಚ್ಚಿಹೋಗುತ್ತಾನೆ’, ಆ ಆಟದಲ್ಲಿ ಅವನಿಗೆ ಪಾಸ್ ಹಿಡಿಯುವಂತಿಲ್ಲ. ಇದನ್ನು ತಿರುವುಹಾಕಿದರೆ ಏನಾಗುತ್ತದೆಂದು 2024ರ ಅಕ್ಟೋಬರ್‌ನಲ್ಲಿ ಯುಎಸ್‌ಸಿ ವಿರುದ್ಧ ಪೆನ್ ಸ್ಟೇಟ್ ತೋರಿಸಿತು. ಉಳಿದ ಲೈನ್‌ಮನ್‌ಗಳನ್ನೆಲ್ಲ ಒಂದೇ ಬದಿಗೆ ಸರಿಸಿ, 44ನೆಯ ಸಂಖ್ಯೆಯ ವಾರನ್‌ನನ್ನು ಸೆಂಟರ್ ಜಾಗದಲ್ಲಿ ನಿಲ್ಲಿಸಿತು. ಚೆಂಡನ್ನು ಹಿಂದಕ್ಕೆ ಕೊಟ್ಟವನೇ ಸಾಲಿನ ತುದಿಯವನೂ ಆಗಿದ್ದರಿಂದ ಮುಂದೆ ಓಡಿ ಟಚ್‌ಡೌನ್ ಪಾಸ್ ಹಿಡಿದ. ಅಂದು ಅವನು ಹಿಡಿದದ್ದು 17 ಪಾಸ್, ಗಳಿಸಿದ್ದು 224 ಗಜ. ಇಂಥ ಚಮತ್ಕಾರ ಋತುವಿಗೊಮ್ಮೆ ನಡೆಯಬಹುದಾದದ್ದು, ದಿನನಿತ್ಯದ ಸಂಗತಿಯಲ್ಲ.

ದಿನನಿತ್ಯದ ಸಂಗತಿ ಎಂದರೆ ರಕ್ಷಣಾ ಪಡೆಯನ್ನು ಇಕ್ಕಟ್ಟಿಗೆ ಸಿಲುಕಿಸುವುದು. ಇಬ್ಬರು ಟೈಟ್ ಎಂಡ್‌ಗಳು ಮೈದಾನಕ್ಕೆ ಬಂದಾಗ ಎದುರಾಳಿ ಕೋಚ್ ಮೂರನೆಯ ಲೈನ್‌ಬ್ಯಾಕರ್‌ನನ್ನು (ಮುಂಚೂಣಿಯ ಹಿಂದೆ ನಿಲ್ಲುವ ದಪ್ಪ ಮೈಯ ರಕ್ಷಕ) ಇಳಿಸಬೇಕೇ, ಐದನೆಯ ಡಿಫೆನ್ಸಿವ್ ಬ್ಯಾಕ್‌ನನ್ನು (ಪಾಸ್ ತಡೆಯುವ ವೇಗದ ರಕ್ಷಕ) ಉಳಿಸಿಕೊಳ್ಳಬೇಕೇ ಎಂದು ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು. ಲೈನ್‌ಬ್ಯಾಕರ್ ಬಂದರೆ ಪಾಸ್ ಆಟದಲ್ಲಿ ಅವನು ಹಿಂದೆ ಬೀಳುತ್ತಾನೆ. ಹಗುರ ಮೈಯ ಬ್ಯಾಕ್ ಉಳಿದರೆ, ಚೆಂಡನ್ನು ಹೊತ್ತು ಓಡುವ ರನ್ ಆಟದಲ್ಲಿ ನಜ್ಜುಗುಜ್ಜಾಗುತ್ತಾನೆ. 2003ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ವಿಕೆಟ್ ಕೀಪಿಂಗ್ ಗ್ಲೌಸ್ ತೊಟ್ಟದ್ದರಿಂದ ಭಾರತಕ್ಕೆ ಒಬ್ಬ ಹೆಚ್ಚಿನ ಬ್ಯಾಟ್ಸ್‌ಮನ್‌ನನ್ನು ಆಡಿಸಲು ಸಾಧ್ಯವಾಯಿತಲ್ಲ, ಅವರು ಹಿಡಿದ ಕ್ಯಾಚ್‌ಗಳನ್ನು ಮಾತ್ರ ಎಣಿಸಿದರೆ ಆ ಲಾಭ ಲೆಕ್ಕಕ್ಕೆ ಸಿಗುವುದಿಲ್ಲ. ಎರಡೂ ಕೆಲಸ ಬಲ್ಲ ಟೈಟ್ ಎಂಡ್‌ನ ಬೆಲೆಯೂ ಆ ಬಗೆಯದು.

ಇದರ ಉತ್ತಮ ಉದಾಹರಣೆ 2022ರ ಜಾರ್ಜಿಯಾ ತಂಡ. ಬ್ರಾಕ್ ಬವರ್ಸ್ ಮತ್ತು 6 ಅಡಿ 7 ಅಂಗುಲದ ಡಾರ್ನೆಲ್ ವಾಷಿಂಗ್ಟನ್, ಈ ಇಬ್ಬರನ್ನೂ ಆಕ್ರಮಣದ ಸಂಯೋಜಕ ಟಾಡ್ ಮಂಕನ್ ಒಟ್ಟಿಗೆ ಆಡಿಸುತ್ತಿದ್ದರು. ಒಮ್ಮೆ ಇಬ್ಬರೂ ಟ್ಯಾಕಲ್‌ಗಳ ಪಕ್ಕದಲ್ಲಿರುತ್ತಿದ್ದರು. ಮರು ಆಟದಲ್ಲಿ, ಒಬ್ಬ ಆಟಗಾರನೂ ಬದಲಾಗದೆ, ಬವರ್ಸ್ ಹೊರಗಡೆ ರಿಸೀವರ್ ಆಗಿ ನಿಂತಿರುತ್ತಿದ್ದ. ಕಾಲೇಜು ನಿಯಮದಂತೆ ಆಕ್ರಮಣ ಪಡೆ ಆಟಗಾರರನ್ನು ಬದಲಿಸಿದರೆ ಮಾತ್ರ ಅಂಪೈರ್ ಆಟ ತಡೆದು ರಕ್ಷಣಾ ಪಡೆಗೂ ಬದಲಾವಣೆಗೆ ಸಮಯ ಕೊಡುತ್ತಾನೆ. ಬದಲಿಸದೆ ವೇಗವಾಗಿ ಆಡಿದರೆ ತಪ್ಪು ಆಟಗಾರನೊಂದಿಗೆ ಸಿಕ್ಕಿಕೊಂಡ ಎದುರಾಳಿ ಹಾಗೆಯೇ ಉಳಿಯಬೇಕಾಗುತ್ತದೆ. ಆ ಋತುವಿನಲ್ಲಿ ಬವರ್ಸ್ 63 ಪಾಸ್ ಹಿಡಿದು 942 ಗಜ ಗಳಿಸಿದ. ವಾಷಿಂಗ್ಟನ್ ಹಿಡಿದದ್ದು ಅದರ ಅರ್ಧಕ್ಕಿಂತ ಕಡಿಮೆ, ಆದರೂ ಎನ್‌ಎಫ್‌ಎಲ್ ಅವನನ್ನು ಮೂರನೆಯ ಸುತ್ತಿನಲ್ಲಿ ಆರಿಸಿಕೊಂಡಿತು. ಜಾರ್ಜಿಯಾ ಅಂತಿಮ ಪಂದ್ಯದಲ್ಲಿ ಟಿಸಿಯು ತಂಡವನ್ನು 65-7ರಿಂದ ಸೋಲಿಸಿ ಸತತ ಎರಡನೆಯ ಬಾರಿ ಪ್ರಶಸ್ತಿ ಗೆದ್ದಿತು.

ಇನ್ನು ಪಾಸ್ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಬರೋಣ. ಲೈನ್‌ಬ್ಯಾಕರ್ ಚೆಂಡಿಗಿಂತ ಮೊದಲು ಎದುರಿನವರ ಮೊದಲ ಹೆಜ್ಜೆಯನ್ನು ನೋಡುತ್ತಾನೆ. ಟೈಟ್ ಎಂಡ್ ತಲೆ ತಗ್ಗಿಸಿ, ಭುಜ ಮುಂದೊಡ್ಡಿ ರನ್ ಬ್ಲಾಕಿಂಗ್‌ನ ಹೆಜ್ಜೆಯನ್ನೇ ಇಟ್ಟನೆಂದರೆ ಲೈನ್‌ಬ್ಯಾಕರ್ ಎರಡು ಹೆಜ್ಜೆ ಮುಂದಕ್ಕೆ ಬರುತ್ತಾನೆ, ಅವನ ಬೆನ್ನ ಹಿಂದೆ ಹತ್ತು ಹದಿನೈದು ಗಜಗಳ ಬಯಲು ತೆರೆದುಕೊಳ್ಳುತ್ತದೆ. ಪಾಸ್ ಎಸೆಯುವವನಾದ ಕ್ವಾರ್ಟರ್‌ಬ್ಯಾಕ್, ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್‌ಗೆ ಅದನ್ನು ಕೊಟ್ಟಂತೆ ನಟಿಸಿ ಎಸೆಯುವ ಪ್ಲೇ-ಆ್ಯಕ್ಷನ್ ಪಾಸ್‌ನ ಜೀವಾಳ ಇದೇ. ಇದರ ಇನ್ನೊಂದು ರೂಪದಲ್ಲಿ ಇಡೀ ಲೈನ್ ಒಂದು ದಿಕ್ಕಿಗೆ ರನ್ ಬ್ಲಾಕ್ ಮಾಡುತ್ತಾ ಸಾಗುವಾಗ ಟೈಟ್ ಎಂಡ್ ಅವರ ಹಿಂದಿನಿಂದ ಎದುರು ದಿಕ್ಕಿಗೆ ನುಸುಳುತ್ತಾನೆ. ಚೆಂಡು ಬರುವವರೆಗೆ ಅವನನ್ನು ಯಾರೂ ಗಮನಿಸಿರುವುದಿಲ್ಲ. ಹತ್ತು ಬಾರಿ ನಿಜವಾಗಿ ಬ್ಲಾಕ್ ಮಾಡದವನು ಹನ್ನೊಂದನೆಯ ಬಾರಿ ಸುಳ್ಳು ಹೇಳಿದರೆ ನಂಬುವವರಿಲ್ಲ. ಮಗನ ಕೋಚ್ ‘ಮೊದಲು ಬ್ಲಾಕಿಂಗ್’ ಎನ್ನುವುದಕ್ಕೆ ಇದು ಕಾರಣವಾಗಿರಬಹುದು.

ಪ್ಲೇ-ಆ್ಯಕ್ಷನ್ ಇಲ್ಲದ ಪಾಸ್‌ಗಳಲ್ಲಿ ಟೈಟ್ ಎಂಡ್‌ನ ಓಟ ಎದುರಿನ ರಕ್ಷಣಾ ವ್ಯೂಹವನ್ನು ಅವಲಂಬಿಸುತ್ತದೆ. ಮೂವರು ಹಿಂದೆ ನಿಂತು ಮೈದಾನವನ್ನು ಮೂರು ಪಾಲು ಮಾಡಿ ಕಾಯುವ ಕವರ್ 3ರಲ್ಲಿ, ಅಂಚು ಕಾಯುವ ಕಾರ್ನರ್‌ಬ್ಯಾಕ್‌ಗೂ ಎಲ್ಲರ ಹಿಂದೆ ನಡುವೆ ಕಾಯುವ ಸೇಫ್ಟಿಗೂ ಮಧ್ಯೆ ಉಳಿಯುವ ಓಣಿಯಲ್ಲಿ ನೇರ ಓಡುವ ಸೀಮ್ ರೂಟ್ (ರೂಟ್ ಎಂದರೆ ಮೊದಲೇ ಗೊತ್ತುಮಾಡಿದ ಓಟದ ಹಾದಿ) ಫಲ ಕೊಡುತ್ತದೆ. ಆರೇಳು ಗಜ ಓಡಿ ಗಕ್ಕನೆ ನಿಂತು ತಿರುಗುವ ಸ್ಟಿಕ್ ರೂಟ್‌ನಲ್ಲಿ ಅವನಿಗೆ ಸ್ವಾತಂತ್ರ್ಯವಿದೆ: ಲೈನ್‌ಬ್ಯಾಕರ್ ಒಳಗಿದ್ದರೆ ಹೊರಗೆ, ಹೊರಗಿದ್ದರೆ ಒಳಗೆ, ಎದುರಾಳಿಗಳು ಆಳಿಗೆ ಆಳು ಕಾಯದೆ ಜಾಗ ಕಾಯುತ್ತಿದ್ದರೆ ನಿಂತಲ್ಲೇ. ಇದನ್ನು ಓಡುವಾಗಲೇ ಓದಬೇಕು, ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಕ್ಷಣದಲ್ಲಿ ಅದನ್ನೇ ಓದಿರಬೇಕು. ಹೊಸಬರಿಗೆ ಕಾಲೇಜಿನಲ್ಲಿ ತಡವಾಗುವುದು ಹೆಚ್ಚಾಗಿ ಇಲ್ಲಿ. ಮೂರನೆಯದು ಮೈದಾನವನ್ನು ಅಡ್ಡಲಾಗಿ ದಾಟುವ ವೈ-ಕ್ರಾಸ್. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಲಾವೆಲ್ ಎಡ್ವರ್ಡ್ಸ್ ಬೆಳೆಸಿದ ಪಾಸ್ ಪದ್ಧತಿಯಿಂದ ಇದನ್ನು ಎತ್ತಿಕೊಂಡು, ಹಾಲ್ ಮಮ್ ಮತ್ತು ಮೈಕ್ ಲೀಚ್ ನಿಮ್ಮ ರಾಜ್ಯದ್ದೇ ಆದ ಅಯೋವಾ ವೆಸ್ಲಿಯನ್ ಎಂಬ ಸಣ್ಣ ಕಾಲೇಜಿನಲ್ಲಿ ‘ಏರ್ ರೇಡ್’ ಪದ್ಧತಿಗೆ ರೂಪ ಕೊಟ್ಟರು.

ಇದಕ್ಕೆಲ್ಲ ಕಾಲೇಜು ಮೈದಾನದ ಒಂದು ವಿಶೇಷವನ್ನೂ ಸೇರಿಸಬೇಕು. ಮೈದಾನದ ಅಗಲ ಕಾಲೇಜಿನಲ್ಲಿಯೂ ಎನ್‌ಎಫ್‌ಎಲ್‌ನಲ್ಲಿಯೂ ಒಂದೇ, 160 ಅಡಿ. ಆದರೆ ಚೆಂಡನ್ನು ಇಡುವ ಹ್ಯಾಶ್ ಗುರುತುಗಳ ನಡುವೆ ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ ಅಂತರವಿದ್ದರೆ, ಕಾಲೇಜಿನಲ್ಲಿ 40 ಅಡಿ. ಚೆಂಡು ಒಂದು ಹ್ಯಾಶ್ ಮೇಲಿದ್ದಾಗ ಒಂದು ಬದಿಯಲ್ಲಿ 60 ಅಡಿ, ಇನ್ನೊಂದು ಬದಿಯಲ್ಲಿ 100 ಅಡಿ ಜಾಗ ಉಳಿಯುತ್ತದೆ. ಟೈಟ್ ಎಂಡ್ ಅಗಲದ ಬದಿಯಲ್ಲಿದ್ದರೆ ಸೇಫ್ಟಿ ದೂರದ ರಿಸೀವರ್‌ಗಳತ್ತ ಎಳೆದುಕೊಂಡು ಹೋಗಿರುತ್ತಾನೆ, ಒಳಭಾಗ ಸಡಿಲವಾಗುತ್ತದೆ. ಕಿರಿದಾದ ಬದಿಯಲ್ಲಿದ್ದರೆ ಪಾಸ್ ಚಿಕ್ಕದು, ಬೇಗ ತಲುಪುತ್ತದೆ, ಆದರೆ ಮೂವರು ರಕ್ಷಕರು ಹತ್ತಿರದಲ್ಲೇ ಇರುತ್ತಾರೆ. ಟಿವಿಯಲ್ಲಿ ನೋಡುವಾಗ ಮೊದಲು ಚೆಂಡು ಎಲ್ಲಿದೆ ಎಂದು ನೋಡಿ, ಆಮೇಲೆ ಟೈಟ್ ಎಂಡ್ ಯಾವ ಬದಿಗೆ ನಿಂತಿದ್ದಾನೆ ಎಂದು ನೋಡಿ. ಅರ್ಧ ಯೋಜನೆ ಅಲ್ಲಿಯೇ ತಿಳಿಯುತ್ತದೆ.

ಹಾಗಿದ್ದರೂ ಚೆಂಡು ಏಕೆ ಬರುವುದಿಲ್ಲ? ಬಹುತೇಕ ಅಭಿಮಾನಿಗಳು ಕೋಚ್‌ನ ಹಟವೇ ಕಾರಣ ಎನ್ನುತ್ತಾರೆ. ನಾನು ಕಂಡಂತೆ ಮೊದಲ ಕಾರಣ ದುರ್ಬಲ ಲೈನ್. ಟ್ಯಾಕಲ್‌ಗಳು ಎದುರಾಳಿಯ ವೇಗದ ದಾಳಿಯನ್ನು ತಡೆಯಲಾರರೆಂದು ಅನಿಸಿದಾಗ ಟೈಟ್ ಎಂಡ್‌ನನ್ನು ಒಳಗೇ ಉಳಿಸಿಕೊಳ್ಳುತ್ತಾರೆ, ಇಲ್ಲವೇ ದಾಳಿಕಾರನಿಗೆ ಒಂದು ಭುಜದ ಪೆಟ್ಟು ಕೊಟ್ಟು ಆಮೇಲೆ ಓಡು ಎನ್ನುತ್ತಾರೆ. ಅಷ್ಟರಲ್ಲಿ ಚೆಂಡು ಬೇರೆಡೆಗೆ ಹೋಗಿರುತ್ತದೆ. ಎರಡನೆಯದು ಓದುವ ಕ್ರಮ. ಕ್ವಾರ್ಟರ್‌ಬ್ಯಾಕ್ ರಿಸೀವರ್‌ಗಳನ್ನು ಒಂದು ಸರದಿಯಲ್ಲಿ ನೋಡುತ್ತಾನೆ, ಟೈಟ್ ಎಂಡ್ ಅದರಲ್ಲಿ ಮೂರನೆಯವನಾದರೆ ಅವನ ಸರದಿ ಬರುವುದೇ ಅಪರೂಪ. ಓಡಿಕೊಂಡೇ ಗಜ ಗಳಿಸಬಲ್ಲ ಕ್ವಾರ್ಟರ್‌ಬ್ಯಾಕ್ ಮೂರನೆಯವನನ್ನು ನೋಡುವ ಮೊದಲೇ ಓಡಿಬಿಡುತ್ತಾನೆ. ಮೈದಾನದ ನಡುವೆ, ಲೈನ್‌ಬ್ಯಾಕರ್‌ನ ಚಾಚಿದ ಕೈಗಳ ಮೇಲಿಂದ ಎಸೆಯಲು ಹಿಂಜರಿಯುವ ಹುಡುಗರೂ ಇದ್ದಾರೆ. ಪಾಸ್ ಹೆಚ್ಚಾಗಿ ಎದುರಾಳಿಯ ಕೈಸೇರುವುದು ಅಲ್ಲಿಯೇ ಆದ್ದರಿಂದ ಅವರನ್ನು ದೂರುವಂತಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಕಾರಣವಿದೆ, ಅದನ್ನು ನಾನು ಕಾರಣ ಎನ್ನುವುದಕ್ಕಿಂತ ಬಳಕೆ ಎಂದೇ ಕರೆಯುತ್ತೇನೆ. ಕ್ವಾರ್ಟರ್ಸ್ ಎಂಬ ವ್ಯೂಹದಲ್ಲಿ ಸೇಫ್ಟಿಯ ಕಣ್ಣು ಒಳಗಿನ ರಿಸೀವರ್ ಮೇಲಿರುತ್ತದೆ, ಆ ರಿಸೀವರ್ ಬಹಳ ಸಲ ಟೈಟ್ ಎಂಡ್. ಅವನು ಬ್ಲಾಕ್ ಮಾಡಿದರೆ ಸೇಫ್ಟಿ ರನ್ ತಡೆಯಲು ಮುನ್ನುಗ್ಗುತ್ತಾನೆ. ಅವನು ನೇರ ಓಡಿದರೆ ಸೇಫ್ಟಿ ಅವನ ಜೊತೆಗೇ ಹಿಂದಕ್ಕೆ ಸಾಗುತ್ತಾನೆ. ಹೀಗೆ ಟೈಟ್ ಎಂಡ್ ಸೇಫ್ಟಿಯನ್ನು ಎಳೆದೊಯ್ದ ಜಾಗಕ್ಕೆ ಹೊರಗಿನ ರಿಸೀವರ್ ನುಗ್ಗಿ ನಲವತ್ತು ಗಜಗಳ ಟಚ್‌ಡೌನ್ ಹಿಡಿಯುತ್ತಾನೆ, ಅಂಕಪಟ್ಟಿಯಲ್ಲಿ ಆ ರಿಸೀವರ್‌ನ ಹೆಸರು ಬರುತ್ತದೆ. ಸೋಮವಾರ ವಿಡಿಯೊ ಕೋಣೆಯಲ್ಲಿ ಕೋಚ್‌ಗಳು ಮೊದಲು ಹೊಗಳುವುದು ಟೈಟ್ ಎಂಡ್‌ನನ್ನು. ಆದ್ದರಿಂದ ಮಗನೊಂದಿಗೆ ಪಂದ್ಯ ನೋಡುವಾಗ ಹಿಡಿದ ಪಾಸ್‌ಗಳ ಬದಲು, ತಂಡ ಪಾಸ್ ಎಸೆದ ಆಟಗಳಲ್ಲಿ ಟೈಟ್ ಎಂಡ್ ಎಷ್ಟು ಬಾರಿ ರೂಟ್ ಓಡಿದ ಎಂಬುದನ್ನು ಎಣಿಸಿ. ಹೆಚ್ಚು ಬಾರಿ ಓಡಿಯೂ ಚೆಂಡು ಬರದಿದ್ದರೆ ಅದು ಒಂದು ಕಥೆ. ಓಡಲೇ ಇಲ್ಲವೆಂದರೆ ಅದು ಬೇರೆಯೇ ಕಥೆ, ಅಂಥ ತಂಡದ ಬಗ್ಗೆ ನಿಮ್ಮ ಮಗ ಚಿಂತಿಸಬೇಕು.

ಈಗ ಆಯ್ಕೆಗಳು. ಟೈಟ್ ಎಂಡ್ ಆಗಿಯೇ ಮುಂದುವರಿಯುವುದಾದರೆ ಅವನ ಮೈ ಬೆಳೆಯಬೇಕು. ಕಾಲೇಜಿನ ಮೇಲ್ಮಟ್ಟದಲ್ಲಿ ಟ್ಯಾಕಲ್ ಪಕ್ಕ ನಿಲ್ಲುವವರು ಸಾಮಾನ್ಯವಾಗಿ 240 ಪೌಂಡ್ ಆಸುಪಾಸಿನಲ್ಲಿರುತ್ತಾರೆ. ಹದಿನಾರು ಹದಿನೇಳರ ಹುಡುಗ ಆ ತೂಕಕ್ಕೆ ಆತುರದಿಂದ ಹೋದರೆ ವೇಗ ಕಳೆದುಕೊಳ್ಳುತ್ತಾನೆ, ತೊಡೆಯ ಹಿಂಭಾಗದ ಸ್ನಾಯುಗಳಿಗೂ ಮಂಡಿಗೂ ಪೆಟ್ಟು ಬೀಳುತ್ತದೆ. ಆ ಕೆಲಸ ಕಾಲೇಜಿನ ತರಬೇತುದಾರರ ಕಣ್ಣೆದುರು, ಎರಡು ಮೂರು ವರ್ಷಗಳಲ್ಲಿ ನಡೆಯಬೇಕಾದದ್ದು. ಪದೇಪದೇ ಬ್ಲಾಕ್ ಮಾಡುವವನ ತಲೆಗೆ ಪೆಟ್ಟು ಬೀಳುವ ಅಪಾಯ ಹೊರಗೆ ನಿಂತ ರಿಸೀವರ್‌ಗಿಂತ ಹೆಚ್ಚು; ತಲೆ ಮುಂದೊಡ್ಡದೆ ಕೈಗಳಿಂದ ಬ್ಲಾಕ್ ಮಾಡುವುದನ್ನು ಅವನು ಈಗಲೇ ಸರಿಯಾಗಿ ಕಲಿಯಬೇಕಾದುದಕ್ಕೆ ಇದೂ ಒಂದು ಕಾರಣ.

ವೈಡ್ ರಿಸೀವರ್ ಆಗುವುದು ಕೆಟ್ಟ ಸಲಹೆಯೇನಲ್ಲ, ಆದರೆ ನಿಮ್ಮ ಸ್ನೇಹಿತರು ಕೊಟ್ಟ ಕಾರಣ ತಪ್ಪು. ಅವನ ಎತ್ತರ, ತೂಕ ಆ ಜಾಗಕ್ಕೆ ಹೊಂದುತ್ತವೆ. ಪ್ರಶ್ನೆ ಇರುವುದು ವೇಗದ್ದು. ಲೈನ್‌ಬ್ಯಾಕರ್‌ನನ್ನು ಸುಲಭವಾಗಿ ಹಿಂದೆ ಹಾಕುವ ಹುಡುಗ ಕಾರ್ನರ್‌ಬ್ಯಾಕ್‌ನೆದುರು ಸಾಮಾನ್ಯನಾಗಿ ಕಾಣಬಹುದು. ಓಕ್ಲಹೋಮಾದ ಮಾರ್ಕ್ ಆ್ಯಂಡ್ರೂಸ್ ಹೈಸ್ಕೂಲಿನಲ್ಲಿ ರಿಸೀವರ್ ಆಗಿದ್ದವನು, ಕಾಲೇಜಿನಲ್ಲಿ ಟೈಟ್ ಎಂಡ್ ಆಗಿ 2017ರಲ್ಲಿ ಮ್ಯಾಕಿ ಪ್ರಶಸ್ತಿ ಪಡೆದ. ಟೈಲರ್ ವಾರನ್ ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಜಾಗ ಬದಲಿಸಿದರೆ ಮರಳುವ ದಾರಿ ಮುಚ್ಚುವುದಿಲ್ಲ ಎಂದು ಇದರಿಂದ ಧೈರ್ಯ ತಂದುಕೊಳ್ಳಬಹುದು. ಆದರೆ ಬ್ಲಾಕಿಂಗ್ ಕಲಿಯಬೇಕಾದ ಎರಡು ವರ್ಷಗಳು ಹೋಗಿರುತ್ತವೆ, ಅದನ್ನು ಕಾಲೇಜಿನಲ್ಲಿ ತನಗಿಂತ ಬಲಿಷ್ಠರ ಎದುರು ಮೊದಲಿಂದ ಕಲಿಯಬೇಕಾಗುತ್ತದೆ.

ಆಕ್ರಮಣದ ಶೈಲಿ ನೋಡಿ ಕಾಲೇಜು ಆರಿಸಿಕೊಳ್ಳುವುದು ಮೂರನೆಯ ದಾರಿ. ಬೇಸಿಗೆಯ ಏಳು ಜನರ ಪಾಸ್ ಪಂದ್ಯಗಳನ್ನು ನೋಡಿ ಈ ತೀರ್ಮಾನಕ್ಕೆ ಬರಬೇಡಿ, ಅಲ್ಲಿ ಬ್ಲಾಕಿಂಗೇ ಇಲ್ಲದ್ದರಿಂದ ಎಲ್ಲ ಟೈಟ್ ಎಂಡ್‌ಗಳೂ ಚೆನ್ನಾಗಿಯೇ ಕಾಣುತ್ತಾರೆ. ಲೀಚ್ ಅವರ ತಂಡಗಳಂತೆ ನಾಲ್ವರು ರಿಸೀವರ್‌ಗಳನ್ನು ಹರಡಿ ಆಡುವ ಕಡೆ ಟೈಟ್ ಎಂಡ್‌ಗೆ ಜಾಗವೇ ಇರದು ಎಂಬುದು ನಿಜ. ಆದರೆ ಶೈಲಿ ತಂಡದ್ದಲ್ಲ, ಸಂಯೋಜಕನದು. ಅವನು ಬೇರೆ ಕಡೆ ಕೆಲಸಕ್ಕೆ ಹೋದರೆ ಶೈಲಿಯೂ ಹೋಗುತ್ತದೆ. 2018ರಲ್ಲಿ ಆರಂಭವಾದ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಆಟಗಾರನೂ ಕಾಲೇಜು ಬದಲಿಸಬಹುದು, ಆದರೆ ಓದಿನ ಕ್ರೆಡಿಟ್‌ಗಳೆಲ್ಲ ಹೊಸ ಕಾಲೇಜಿಗೆ ಸಲ್ಲುತ್ತವೆ ಎಂಬ ಖಾತರಿಯಿಲ್ಲ. ತಂದೆಯಾಗಿ ನೀವು ನೋಡಬೇಕಾದದ್ದು ಅದನ್ನು.

ನನ್ನ ಅಭಿಪ್ರಾಯ ಕೇಳಿದರೆ, ಅವನು ಟೈಟ್ ಎಂಡ್ ಆಗಿಯೇ ಇರಲಿ, ಶಾಲೆಯ ಕೋಚ್ ಒಪ್ಪಿದರೆ ಕೆಲವು ಆಟಗಳಲ್ಲಿ ಹೊರಗೆ ನಿಂತು ರೂಟ್ ಓಡಲಿ, ಕಾಲೇಜುಗಳಿಗೆ ಕಳಿಸುವ ವಿಡಿಯೊದಲ್ಲಿ ಹಿಡಿದ ಪಾಸ್‌ಗಳ ಜೊತೆಗೆ ಒಳ್ಳೆಯ ಬ್ಲಾಕ್‌ಗಳೂ ಇರಲಿ. ಕಾಲೇಜಿನ ಕೋಚ್ ಮನೆಗೆ ಬಂದಾಗ ‘ನಿಮ್ಮ ಟೈಟ್ ಎಂಡ್‌ಗೆ ಎಷ್ಟು ಪಾಸ್ ಎಸೆಯುತ್ತೀರಿ’ ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ಸಿಹಿ ಉತ್ತರವನ್ನೇ ಕೊಡುತ್ತಾರೆ. ಮೂರನೆಯ ಡೌನ್‌ನಲ್ಲಿ (ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಏಳು ಗಜ ಬೇಕಾದಾಗ ಅವರ ಟೈಟ್ ಎಂಡ್ ಮೈದಾನದಲ್ಲಿರುತ್ತಾನೆಯೇ, ಇದ್ದರೆ ರೂಟ್ ಓಡುತ್ತಾನೆಯೇ ಅಥವಾ ಬ್ಲಾಕ್ ಮಾಡಲು ಒಳಗೇ ಉಳಿಯುತ್ತಾನೆಯೇ ಎಂದು ಕೇಳಿ, ಕಳೆದ ಋತುವಿನ ಅಂಥ ಆಟಗಳ ವಿಡಿಯೊ ತೋರಿಸಲು ಹೇಳಿ.